ನರವಿಜ್ಞಾನದ ಮೊದಲ ಮೆಟ್ಟಿಲು: ಗುಜರಾತಿನ ಮೂರು ನಗರಗಳಲ್ಲಿ ಸ್ನಾತಕ ವ್ಯಾಸಂಗ

ಮಾನವ ಶರೀರದ ಅಂಗಗಳಲ್ಲಿ ಮೆದುಳಿನಷ್ಟು ಸಂಕೀರ್ಣವಾದುದು ಬೇರೊಂದಿಲ್ಲ. ವಯಸ್ಕನ ಮೆದುಳಿನ ತೂಕ ಸುಮಾರು 1.3ರಿಂದ 1.4 ಕಿಲೋಗ್ರಾಂ. ಇದು ದೇಹದ ಒಟ್ಟು ತೂಕದ ಶೇಕಡಾ 2ರಷ್ಟು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವ ದೇಹವು ವ್ಯಯಿಸುವ ಶಕ್ತಿಯಲ್ಲಿ ಶೇಕಡಾ 20ರಷ್ಟನ್ನು ಅದೊಂದೇ ಬಳಸಿಕೊಳ್ಳುತ್ತದೆ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಇಂತಹ ಅಂಗವನ್ನು ಕುರಿತ ಶಾಸ್ತ್ರವನ್ನು ಅಭ್ಯಸಿಸಬೇಕೆಂಬ ಅಭಿಲಾಷೆ ಪದವಿಪೂರ್ವ ಶಿಕ್ಷಣವನ್ನು ಮುಗಿಸಿದ ಅನೇಕ ವಿದ್ಯಾರ್ಥಿಗಳಲ್ಲಿ ಮೂಡುವುದು ಸಹಜ. ಆದರೆ ಪ್ರವೇಶ ಪ್ರಕಟಣೆಗಳಲ್ಲಿ ಅದೇ ಹೆಸರಿನ ಪದವಿಯನ್ನು ಹುಡುಕಲು ಹೊರಟವರಿಗೆ ಬಹುಮಟ್ಟಿಗೆ ನಿರಾಶೆಯೇ ಕಾದಿರುತ್ತದೆ. ನಮ್ಮ ದೇಶದಲ್ಲಿ ನರವಿಜ್ಞಾನವು ಮುಖ್ಯವಾಗಿ ಸ್ನಾತಕೋತ್ತರ ಮಟ್ಟದ ವಿಷಯ. ಸ್ನಾತಕ ಮಟ್ಟದಲ್ಲಿ ಅದು ಬೇರೆ ಬೇರೆ ಪದವಿಗಳ ಪಠ್ಯಕ್ರಮದೊಳಗೆ ಹಂಚಿಹೋಗಿದೆ.

ಹಾಗಾದರೆ ಮೊದಲ ಪದವಿಯ ಹಂತದಲ್ಲಿ ಈ ಶಾಸ್ತ್ರವನ್ನು ಕಲಿಯುವುದರಿಂದ ಪ್ರಯೋಜನವೇನು? ತಜ್ಞನಾಗಲು ಇನ್ನೂ ಹಲವು ವರ್ಷಗಳು ಬೇಕೆಂದ ಮೇಲೆ ಈ ಮೊದಲ ಕಲಿಕೆಗೆ ಸ್ವತಂತ್ರವಾದ ಬೆಲೆ ಇದೆಯೇ? ಈ ಪ್ರಶ್ನೆಗೆ ಗುಜರಾತ್ ರಾಜ್ಯದ ಅಹಮದಾಬಾದ್, ವಡೋದರಾ ಮತ್ತು ಸೂರತ್ ನಗರಗಳ ವಿದ್ಯಾಸಂಸ್ಥೆಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು ಉತ್ತರ ಕಂಡುಕೊಳ್ಳುವುದು ಈ ಲೇಖನದ ಉದ್ದೇಶ. ಕನ್ನಡಿಗರಿಗೆ ಈ ನಗರಗಳು ದೂರದವೇನೂ ಅಲ್ಲ. ಉದ್ಯೋಗ, ವ್ಯಾಪಾರಗಳ ನಿಮಿತ್ತ ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿವೆ. ಅಲ್ಲದೆ, ರಾಜ್ಯ ಸರ್ಕಾರಗಳ ವೈದ್ಯಕೀಯ ಕಾಲೇಜುಗಳಲ್ಲಿ ಶೇಕಡಾ 15ರಷ್ಟು ಎಂ.ಬಿ.ಬಿ.ಎಸ್. ಸ್ಥಾನಗಳು ಅಖಿಲ ಭಾರತ ಕೋಟಾಕ್ಕೆ ಮೀಸಲಾಗಿರುವುದರಿಂದ, ಕರ್ನಾಟಕದ ವಿದ್ಯಾರ್ಥಿಯೂ ಅರ್ಹತೆಯ ಆಧಾರದ ಮೇಲೆ ಅಲ್ಲಿ ಸ್ಥಾನ ಪಡೆಯಬಹುದಾಗಿದೆ.

ಪದಗಳ ಅರ್ಥವ್ಯಾಪ್ತಿ

ಮೊದಲಿಗೆ ಕೆಲವು ಪದಗಳ ವ್ಯತ್ಯಾಸವನ್ನು ಅರಿತುಕೊಳ್ಳುವುದು ಒಳಿತು. ನರಮಂಡಲದ ರಚನೆ, ಕಾರ್ಯ, ರಾಸಾಯನಿಕ ಕ್ರಿಯೆಗಳು ಹಾಗೂ ವರ್ತನೆಯನ್ನು ಅಧ್ಯಯನ ಮಾಡುವ ಮೂಲಶಾಸ್ತ್ರವೇ ನರವಿಜ್ಞಾನ. ಮೆದುಳು, ಮೆದುಳುಬಳ್ಳಿ, ನರ ಮತ್ತು ಸ್ನಾಯುಗಳಿಗೆ ತಗಲುವ ರೋಗಗಳನ್ನು ಗುರುತಿಸಿ ಔಷಧೋಪಚಾರ ಮಾಡುವವರು ನರರೋಗ ತಜ್ಞರು. ಗೆಡ್ಡೆ, ರಕ್ತಸ್ರಾವ, ಪೆಟ್ಟು ಮೊದಲಾದವುಗಳಿಗೆ ಶಸ್ತ್ರಕ್ರಿಯೆ ನಡೆಸುವವರು ನರಶಸ್ತ್ರಚಿಕಿತ್ಸಕರು. ಮನೋವೈದ್ಯರು ಮಾನಸಿಕ ಅಸ್ವಸ್ಥತೆಗಳಿಗೆ ಚಿಕಿತ್ಸೆ ನೀಡುವ ವೈದ್ಯರು. ಮನಶ್ಶಾಸ್ತ್ರಜ್ಞರು ಮನಸ್ಸು ಮತ್ತು ವರ್ತನೆಯನ್ನು ಕುರಿತು ವ್ಯಾಸಂಗ ಮಾಡಿದವರು. ಅವರು ವೈದ್ಯಕೀಯ ಪದವೀಧರರಾಗಿರಬೇಕಾಗಿಲ್ಲ.

ನರರೋಗ ತಜ್ಞರಾಗಲು ಹಿಡಿಯುವ ಕಾಲವನ್ನೂ ವಿದ್ಯಾರ್ಥಿಗಳು ಮೊದಲೇ ತಿಳಿದಿರಬೇಕು. ಎಂ.ಬಿ.ಬಿ.ಎಸ್. ಪದವಿಗೆ ನಾಲ್ಕೂವರೆ ವರ್ಷಗಳ ವ್ಯಾಸಂಗ ಮತ್ತು ಒಂದು ವರ್ಷದ ಕಡ್ಡಾಯ ತರಬೇತಿ ಸೇರಿ ಐದೂವರೆ ವರ್ಷಗಳು, ಅನಂತರ ಎಂ.ಡಿ. ಪದವಿಗೆ ಮೂರು ವರ್ಷಗಳು. ಅದರ ಮೇಲೆ ನರರೋಗಶಾಸ್ತ್ರದ ಡಿ.ಎಂ. ಪದವಿಗೆ ಮತ್ತೆ ಮೂರು ವರ್ಷಗಳು. ಒಟ್ಟು ಹನ್ನೊಂದೂವರೆ ವರ್ಷಗಳ ಈ ಹಾದಿಯನ್ನು ಕೊನೆಯವರೆಗೆ ಕ್ರಮಿಸುವವರು ಕೆಲವರು ಮಾತ್ರ. ಉಳಿದ ಪದವೀಧರರು ಸಾಮಾನ್ಯ ವೈದ್ಯರಾಗಿ ಅಥವಾ ಬೇರೆ ವಿಭಾಗಗಳ ತಜ್ಞರಾಗಿ ಜನರ ನಡುವೆ ಕೆಲಸ ಮಾಡುತ್ತಾರೆ.

ಮೂರು ನಗರಗಳ ವಿದ್ಯಾಸಂಸ್ಥೆಗಳು

ಅಹಮದಾಬಾದಿನ ಬಿ.ಜೆ. ವೈದ್ಯಕೀಯ ಕಾಲೇಜು ಪಶ್ಚಿಮ ಭಾರತದ ಹಳೆಯ ಸಂಸ್ಥೆಗಳಲ್ಲೊಂದು. 1871ರಲ್ಲಿ ಒಂದು ಸಣ್ಣ ವೈದ್ಯಕೀಯ ಶಾಲೆಯಾಗಿ ಆರಂಭವಾದ ಇದು, ದಾನಿಗಳಾದ ಬೈರಾಮ್‌ಜೀ ಜೀಜೀಭಾಯ್ ಅವರ ಹೆಸರನ್ನು ಪಡೆದು, 1946ರಲ್ಲಿ ಕಾಲೇಜಿನ ದರ್ಜೆಗೆ ಏರಿತು. ಅಸಾರ್ವಾ ಬಡಾವಣೆಯಲ್ಲಿರುವ ಸಿವಿಲ್ ಆಸ್ಪತ್ರೆ ಇದರ ಬೋಧನಾ ಆಸ್ಪತ್ರೆ. ಅದೇ ಆವರಣದಲ್ಲಿ ಬೆನ್ನುಹುರಿಯ ಚಿಕಿತ್ಸೆಗೆಂದೇ ಮೀಸಲಾದ ಸರ್ಕಾರಿ ಸಂಸ್ಥೆಯೂ ಇದೆ. ನಗರಪಾಲಿಕೆಯ ಆಶ್ರಯದಲ್ಲಿ 1963ರಲ್ಲಿ ಆರಂಭವಾದ ಎನ್.ಎಚ್.ಎಲ್. ವೈದ್ಯಕೀಯ ಕಾಲೇಜು ಅಹಮದಾಬಾದಿನ ಮತ್ತೊಂದು ಪ್ರಮುಖ ಸಂಸ್ಥೆ.

ವಡೋದರಾದಲ್ಲಿ ವೈದ್ಯಕೀಯ ಕಾಲೇಜು ಮತ್ತು ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ ಎರಡೂ ಆರಂಭವಾದುದು 1949ರಲ್ಲಿ. ಸರ್ ಸಯಾಜಿರಾವ್ ಜನರಲ್ ಆಸ್ಪತ್ರೆಯು ಈ ಕಾಲೇಜಿನ ಬೋಧನಾ ಆಸ್ಪತ್ರೆ. ವಿಜ್ಞಾನ, ವೈದ್ಯಕೀಯ, ತಂತ್ರಜ್ಞಾನ, ಗೃಹವಿಜ್ಞಾನ, ಮನಶ್ಶಾಸ್ತ್ರ ಇವೆಲ್ಲ ಒಂದೇ ವಿಶ್ವವಿದ್ಯಾಲಯದ ಛತ್ರದಡಿಯಲ್ಲಿರುವುದು ವಡೋದರಾದ ವೈಶಿಷ್ಟ್ಯ. ಅಲ್ಲಿನ ಬೋಧನಾ ಮಾಧ್ಯಮ ಇಂಗ್ಲಿಷ್ ಆಗಿರುವುದು ಹೊರರಾಜ್ಯದ ವಿದ್ಯಾರ್ಥಿಗಳಿಗೆ ಅನುಕೂಲಕರ.

ಸೂರತ್ ನಗರದ ಸರ್ಕಾರಿ ವೈದ್ಯಕೀಯ ಕಾಲೇಜು 1964ರಲ್ಲಿ ಸ್ಥಾಪನೆಯಾಯಿತು. ನ್ಯೂ ಸಿವಿಲ್ ಆಸ್ಪತ್ರೆ ಇದಕ್ಕೆ ಹೊಂದಿಕೊಂಡಿದೆ. ಇದಲ್ಲದೆ ಮಹಾನಗರಪಾಲಿಕೆಯೇ ನಡೆಸುವ ಇನ್ನೊಂದು ವೈದ್ಯಕೀಯ ಕಾಲೇಜೂ ನಗರದಲ್ಲಿದೆ. ಜವಳಿ ಮತ್ತು ವಜ್ರದ ಉದ್ಯಮಗಳಿಗಾಗಿ ಸೌರಾಷ್ಟ್ರ, ಒಡಿಶಾ, ಮಹಾರಾಷ್ಟ್ರ, ಉತ್ತರ ಪ್ರದೇಶಗಳಿಂದ ಬಂದ ಶ್ರಮಿಕರು ಇಲ್ಲಿ ಅಪಾರ ಸಂಖ್ಯೆಯಲ್ಲಿರುವುದರಿಂದ, ಒಂದೇ ವಾರ್ಡಿನಲ್ಲಿ ನಾಲ್ಕಾರು ಭಾಷೆಗಳ ರೋಗಿಗಳನ್ನು ಕಾಣಬಹುದು.

ತರಗತಿಯಲ್ಲಿ ಕಲಿಯುವುದೇನು?

ಎಂ.ಬಿ.ಬಿ.ಎಸ್. ಪಠ್ಯಕ್ರಮದ ಮೊದಲ ಹಂತದಲ್ಲಿಯೇ ವಿದ್ಯಾರ್ಥಿಗೆ ಮೆದುಳಿನ ಪರಿಚಯವಾಗುತ್ತದೆ. ಅಂಗರಚನಾಶಾಸ್ತ್ರದ ವಿಭಾಗದಲ್ಲಿ, ದೇಹದಾನಿಗಳ ಔದಾರ್ಯದಿಂದ ದೊರೆತ ಶರೀರಗಳ ಮೂಲಕ ಮೆದುಳಿನ ಭಾಗಗಳನ್ನು ಕಣ್ಣಾರೆ ಕಂಡು ತಿಳಿಯಬೇಕು. ಶರೀರಕ್ರಿಯಾಶಾಸ್ತ್ರದಲ್ಲಿ ನರದ ಮೂಲಕ ಸಂದೇಶ ಹೇಗೆ ಹರಿಯುತ್ತದೆ, ಮಂಡಿಯ ಕೆಳಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಕಾಲು ಏಕೆ ಚಿಮ್ಮುತ್ತದೆ ಎಂಬುದನ್ನು ಕಲಿಯುತ್ತಾರೆ. ಜೀವರಸಾಯನಶಾಸ್ತ್ರವು ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕಗಳನ್ನು ಪರಿಚಯಿಸುತ್ತದೆ. ಮುಂದಿನ ಹಂತಗಳಲ್ಲಿ ರೋಗಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರಗಳನ್ನು ಓದಿ, ಕೊನೆಗೆ ವಾರ್ಡುಗಳಲ್ಲಿ ರೋಗಿಯನ್ನು ಪರೀಕ್ಷಿಸುವ ಕ್ರಮವನ್ನು ಅಭ್ಯಾಸ ಮಾಡುತ್ತಾರೆ.

ಈ ಎಲ್ಲ ಕಲಿಕೆಯ ಸಾರವನ್ನು ಒಂದು ಪ್ರಶ್ನೆಯಲ್ಲಿ ಹೇಳಬಹುದು: ತೊಂದರೆ ಇರುವುದು ಎಲ್ಲಿ? ಉದಾಹರಣೆಗೆ, “ಕಾಲಿನಲ್ಲಿ ಶಕ್ತಿಯಿಲ್ಲ” ಎಂದು ಐದು ಮಂದಿ ರೋಗಿಗಳು ಬಂದರೆಂದು ಭಾವಿಸೋಣ. ಮೊದಲನೆಯವರಲ್ಲಿ ಬಲಗಾಲಿನೊಡನೆ ಬಲಗೈಯೂ ಸೋತಿದೆ, ಮುಖ ವಾರೆಯಾಗಿದೆ, ಮಾತು ತಡವರಿಸುತ್ತದೆ. ತೊಂದರೆ ಮೆದುಳಿನ ಎಡಭಾಗದಲ್ಲಿದೆ. ಎರಡನೆಯವರಲ್ಲಿ ಎರಡೂ ಕಾಲುಗಳು ಸೋತು, ಸೊಂಟದಿಂದ ಕೆಳಗೆ ಸ್ಪರ್ಶಜ್ಞಾನವೂ ಇಲ್ಲ, ತೊಂದರೆ ಮೆದುಳುಬಳ್ಳಿಯಲ್ಲಿರಬೇಕು. ಬಹುಕಾಲದಿಂದ ಮಧುಮೇಹವಿರುವ ಮೂರನೆಯವರಿಗೆ ಪಾದಗಳಲ್ಲಿ ಜೋಮು, ಉರಿ ನಿಧಾನವಾಗಿ ಮೇಲೇರುತ್ತಿದೆ. ಕೆಟ್ಟಿರುವುದು ಕೈಕಾಲುಗಳಿಗೆ ಹರಡಿರುವ ನರಗಳು. ನಾಲ್ಕನೆಯವರಿಗೆ ಬೆಳಿಗ್ಗೆ ಚೈತನ್ಯವಿದ್ದು, ಸಂಜೆಯ ಹೊತ್ತಿಗೆ ರೆಪ್ಪೆಗಳು ಜೋಲುತ್ತವೆ, ಕಾಲು ಸೋಲುತ್ತದೆ. ದೋಷ ನರ ಮತ್ತು ಸ್ನಾಯು ಕೂಡುವ ಸ್ಥಳದ್ದು. ಐದನೆಯವರಿಗೆ ಸ್ಪರ್ಶಜ್ಞಾನ ಸರಿಯಾಗಿದ್ದು, ಕುಳಿತಲ್ಲಿಂದ ಏಳಲು ಮಾತ್ರ ತೊಡೆಗಳಿಗೆ ಬಲ ಸಾಲದು. ಅದು ಸ್ನಾಯುವಿನ ರೋಗವಿರಬಹುದು. ದೂರು ಒಂದೇ ಆದರೂ ನೆಲೆಗಳು ಐದು. ಚಿಕಿತ್ಸೆಯೂ ಬೇರೆ ಬೇರೆ. ಸುತ್ತಿಗೆ, ಸೂಜಿ, ಹತ್ತಿಯ ಎಳೆ, ಟಾರ್ಚು ಮತ್ತು ತಾಳ್ಮೆಯ ವಿಚಾರಣೆಯಿಂದಲೇ ಈ ಮಟ್ಟಿಗಿನ ನಿರ್ಣಯಕ್ಕೆ ಬರಲು ಸಾಧ್ಯ. ದುಬಾರಿ ಯಂತ್ರಗಳು ಆ ನಿರ್ಣಯವನ್ನು ದೃಢಪಡಿಸುವ ಸಾಧನಗಳು.

ಮೆದುಳು ಕಾಂಡದ ಪರೀಕ್ಷೆಯೂ ಇದೇ ಕಲಿಕೆಯ ಭಾಗ. 1994ರ ಮಾನವ ಅಂಗಾಂಗ ಕಸಿ ಕಾಯಿದೆಯು ಮೆದುಳು ಕಾಂಡದ ಮರಣವನ್ನು ಕಾನೂನುಬದ್ಧವಾಗಿ ಅಂಗೀಕರಿಸಿದೆ. ನಾಲ್ವರು ವೈದ್ಯರ ಮಂಡಳಿಯು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಿದ ಮೇಲೆಯೇ, ಕುಟುಂಬದವರ ಒಪ್ಪಿಗೆಯಿಂದ ಅಂಗದಾನ ನಡೆಯಬಹುದು. ಇಂತಹ ಅಂಗದಾನಗಳಿಗಾಗಿ ಸೂರತ್ ನಗರವು ಗಮನ ಸೆಳೆದಿದೆ. ದುಃಖದಲ್ಲಿರುವ ಕುಟುಂಬಕ್ಕೆ ಈ ವಿಷಯವನ್ನು ಸರಳವಾಗಿ, ಸತ್ಯವಾಗಿ ವಿವರಿಸಬಲ್ಲ ವೈದ್ಯನಿಗೆ ಮೆದುಳಿನ ಶಾಸ್ತ್ರ ಚೆನ್ನಾಗಿ ಗೊತ್ತಿರಬೇಕಾಗುತ್ತದೆ.

ರೋಗಿಯ ಭಾಷೆಯ ಮಹತ್ವ

ಬೇರೆ ರೋಗಗಳ ವಿಚಾರದಲ್ಲಿ ಭಾಷೆಯು ಸಂವಹನದ ಸಾಧನ. ನರರೋಗಗಳ ವಿಚಾರದಲ್ಲಾದರೋ ಅದು ಪರೀಕ್ಷೆಯ ವಿಷಯವೂ ಹೌದು. ಮಾತಿನ ಸಾಮರ್ಥ್ಯಕ್ಕೂ ಮೆದುಳಿನ ನಿರ್ದಿಷ್ಟ ಭಾಗಕ್ಕೂ ಇರುವ ಸಂಬಂಧವನ್ನು ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ ತೋರಿಸಿಕೊಟ್ಟರು. ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಕೆಲವರಿಗೆ ಕೇಳಿದ್ದು ಅರ್ಥವಾದರೂ ಮಾತು ಹೊರಡುವುದಿಲ್ಲ. ಇನ್ನು ಕೆಲವರು ಸರಾಗವಾಗಿ ಮಾತನಾಡಿದರೂ ಅದರಲ್ಲಿ ಅರ್ಥವಿರುವುದಿಲ್ಲ. ವಸ್ತುಗಳನ್ನು ಹೆಸರಿಸಲು, ವಾಕ್ಯವನ್ನು ಮರಳಿ ಹೇಳಲು, ಸೂಚನೆಯನ್ನು ಪಾಲಿಸಲು ಕೇಳಿ ಇದನ್ನು ಗುರುತಿಸಬೇಕು. ಈ ಪರೀಕ್ಷೆ ರೋಗಿಯ ಮಾತೃಭಾಷೆಯಲ್ಲಿ ನಡೆದರೆ ಮಾತ್ರ ಅದಕ್ಕೆ ಬೆಲೆ. ಗೊತ್ತಿಲ್ಲದ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬಾರದಿದ್ದರೆ ಅದು ರೋಗದ ಲಕ್ಷಣವಲ್ಲ.

ಆದುದರಿಂದ ಗುಜರಾತಿಗೆ ಹೋಗುವ ಕನ್ನಡ ವಿದ್ಯಾರ್ಥಿಯು ಗುಜರಾತಿ ಭಾಷೆಯನ್ನು ಮೊದಲ ವರ್ಷದಿಂದಲೇ ಕಲಿಯತೊಡಗುವುದು ಅವಶ್ಯಕ. ನಾವು ಪಾರ್ಶ್ವವಾಯು ಅಥವಾ ಲಕ್ವ ಎನ್ನುವುದನ್ನು ಅಲ್ಲಿಯ ಜನ ‘ಲಕವೋ’ ಎನ್ನುತ್ತಾರೆ. ಫಿಟ್ಸ್ ಬರುವುದಕ್ಕೆ ‘ಖೇಂಚ್’ ಎಂದೂ ಮೂರ್ಛೆರೋಗಕ್ಕೆ ‘ವಾಈ’ ಎಂದೂ ಹೆಸರು. ಕೈಕಾಲು ಜೋಮು ಹಿಡಿಯುವುದನ್ನು ‘ಖಾಲೀ ಚಢೀ ಗಈ’ ಎಂದು ಹೇಳುತ್ತಾರೆ. ಇಂತಹ ಮಾತುಗಳು ಪಠ್ಯಪುಸ್ತಕದ ಇಂಗ್ಲಿಷಿನಲ್ಲಿ ಸಿಗುವುದಿಲ್ಲ. ನಮ್ಮಲ್ಲಿಯೂ ‘ಮರಗಟ್ಟಿದೆ’, ‘ಜೋಮು ಹಿಡಿದಿದೆ’, ‘ಸೆಳೆತ’, ‘ತಲೆಸುತ್ತು’ ಎಂಬ ಮಾತುಗಳಿಗೆ ಒಂದೊಂದಕ್ಕೂ ಬೇರೆ ಬೇರೆ ಅರ್ಥಗಳಿವೆ. ಅವುಗಳನ್ನು ಒಂದಕ್ಕೊಂದು ಬೆರೆಸಿ ಅರ್ಥೈಸಿದರೆ ರೋಗನಿರ್ಣಯವೇ ದಾರಿ ತಪ್ಪುತ್ತದೆ.

ಮೊದಲು ನೋಡುವ ವೈದ್ಯನ ಹೊಣೆ

ಬೆಂಗಳೂರು ನಗರ ಮತ್ತು ಸುತ್ತಲಿನ ಗ್ರಾಮಗಳ 1,02,557 ಜನರನ್ನು ಒಳಗೊಂಡು ನಿಮ್ಹಾನ್ಸ್ ಸಂಸ್ಥೆಯ ತಜ್ಞರು ನಡೆಸಿದ ಸಮೀಕ್ಷೆಯೊಂದರ ಫಲಿತಾಂಶಗಳು 2004ರಲ್ಲಿ ಪ್ರಕಟವಾದವು. ಅದರಂತೆ ಪ್ರತಿ ಒಂದು ಲಕ್ಷ ಜನರಲ್ಲಿ 3,126 ಮಂದಿ ಒಂದಲ್ಲ ಒಂದು ನರಸಂಬಂಧಿ ತೊಂದರೆಯಿಂದ ಬಳಲುತ್ತಿದ್ದರು. ನಗರದಲ್ಲಿ ಈ ಸಂಖ್ಯೆ 2,190 ಇದ್ದರೆ, ಗ್ರಾಮಗಳಲ್ಲಿ 4,070 ಇತ್ತು. ರೋಗಿಗಳು ಹೆಚ್ಚಾಗಿರುವುದು ಹಳ್ಳಿಗಳಲ್ಲಿ. ತಜ್ಞರು ನೆಲೆಸಿರುವುದು ಬಹುಮಟ್ಟಿಗೆ ನಗರಗಳಲ್ಲಿ. ಈ ಅಂತರವನ್ನು ತುಂಬಬೇಕಾದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೋ ತಾಲ್ಲೂಕು ಆಸ್ಪತ್ರೆಯಲ್ಲಿಯೋ ರೋಗಿಯನ್ನು ಮೊಟ್ಟಮೊದಲು ನೋಡುವ ಸಾಮಾನ್ಯ ವೈದ್ಯರು. ಸ್ನಾತಕ ಮಟ್ಟದ ನರವಿಜ್ಞಾನ ಕಲಿಕೆಯ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿಯೇ. ಮೂರು ನಿದರ್ಶನಗಳು ಇದನ್ನು ಸ್ಪಷ್ಟಪಡಿಸಬಲ್ಲವು.

ಮೊದಲನೆಯದು ಪಾರ್ಶ್ವವಾಯು. ಮೆದುಳಿನ ದೊಡ್ಡ ರಕ್ತನಾಳವೊಂದು ಮುಚ್ಚಿಕೊಂಡಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಲೆಕ್ಕ ಹಾಕಲಾಗಿದೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಗಳೊಳಗೆ ನೀಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ ರಕ್ತಸ್ರಾವವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮುಖ ವಾರೆಯಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು ಇವುಗಳಲ್ಲಿ ಯಾವುದೊಂದು ಹಠಾತ್ತನೆ ಕಂಡರೂ ಆ ಗಳಿಗೆಯನ್ನು ಗುರುತಿಟ್ಟುಕೊಂಡು, ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಕಳುಹಿಸುವುದು ಮೊದಲು ನೋಡಿದ ವೈದ್ಯನ ಕರ್ತವ್ಯ. “ಬೆಳಿಗ್ಗೆ ನೋಡೋಣ” ಎಂಬ ಒಂದು ಮಾತು ರೋಗಿಯ ಮುಂದಿನ ಬದುಕನ್ನೇ ಬದಲಿಸಿಬಿಡಬಹುದು.

ಎರಡನೆಯದು ಮೂರ್ಛೆರೋಗ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಪ್ರಪಂಚದಲ್ಲಿ ಸುಮಾರು 5 ಕೋಟಿ ಜನರಿಗೆ ಈ ರೋಗವಿದೆ. ಸರಿಯಾದ ನಿರ್ಣಯ ಮತ್ತು ಚಿಕಿತ್ಸೆ ದೊರೆತರೆ ಅವರಲ್ಲಿ ಶೇಕಡಾ 70ರಷ್ಟು ಮಂದಿ ಫಿಟ್ಸ್ ಇಲ್ಲದೆ ಬದುಕಬಲ್ಲರು. ಆದರೂ ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ಇಂದಿಗೂ ಕಂಡುಬರುತ್ತದೆ. ಮಾಡಬೇಕಾದುದು ಇಷ್ಟೇ: ರೋಗಿಯನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಕುತ್ತಿಗೆಯ ಸುತ್ತಲಿನ ಬಟ್ಟೆಯನ್ನು ಸಡಿಲಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು, ಫಿಟ್ಸ್ ಐದು ನಿಮಿಷಗಳನ್ನು ಮೀರಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ನಮ್ಮ ದೇಶದಲ್ಲಿ ಫಿಟ್ಸ್‌ಗೆ ಒಂದು ಮುಖ್ಯ ಕಾರಣ ಲಾಡಿಹುಳುವಿನ ಮರಿಗಳು ಮೆದುಳಿನಲ್ಲಿ ಸೇರಿಕೊಳ್ಳುವುದು. ಅಶುದ್ಧ ನೀರು ಮತ್ತು ತೊಳೆಯದ ತರಕಾರಿಗಳ ಮೂಲಕ ಇದರ ಮೊಟ್ಟೆಗಳು ದೇಹವನ್ನು ಸೇರುವುದರಿಂದ ಶುದ್ಧ ಸಸ್ಯಾಹಾರಿಗಳಿಗೂ ಈ ರೋಗ ತಗಲುತ್ತದೆ. ಸಸ್ಯಾಹಾರಿಗಳು ಬಹುಸಂಖ್ಯೆಯಲ್ಲಿರುವ ಗುಜರಾತಿನಲ್ಲಿ ವೈದ್ಯರು ಈ ಅಂಶವನ್ನು ಮರೆಯಲಾಗದು. ಹಿಂದೂ ವಿವಾಹ ಕಾಯಿದೆಯಲ್ಲಿ ಮೂರ್ಛೆರೋಗವನ್ನು ವಿವಾಹಕ್ಕೆ ಅಡ್ಡಿಯೆಂದು ಹೇಳಿದ್ದ ಮಾತನ್ನು 1999ರ ತಿದ್ದುಪಡಿಯಿಂದ ತೆಗೆದುಹಾಕಲಾಗಿದೆ ಎಂಬುದನ್ನೂ ಅನೇಕ ಕುಟುಂಬಗಳಿಗೆ ತಿಳಿಸಿಕೊಡಬೇಕಾಗಿದೆ.

ಮೂರನೆಯದು ಗುಜರಾತಿನ ಅನುಭವದಿಂದಲೇ ಬಂದುದು. 1965ರಲ್ಲಿ ನಾಗಪುರದ ಬಳಿಯ ಚಾಂದಿಪುರ ಎಂಬ ಹಳ್ಳಿಯಲ್ಲಿ ಮೊದಲು ಪತ್ತೆಯಾದ ವೈರಾಣುವೊಂದು ಮಕ್ಕಳಲ್ಲಿ ಮೆದುಳಿನ ಉರಿಯೂತವನ್ನು ಉಂಟುಮಾಡುತ್ತದೆ. 2004ರಲ್ಲಿ ಗುಜರಾತಿನ ಪೂರ್ವಭಾಗದಲ್ಲಿ ಅದು ಕಾಣಿಸಿಕೊಂಡಿತ್ತು. 2024ರ ಜೂನ್ ಆರಂಭದಿಂದ ಆಗಸ್ಟ್ 15ರವರೆಗೆ ದೇಶದಲ್ಲಿ ತೀವ್ರ ಮೆದುಳುರಿಯೂತದ 245 ಪ್ರಕರಣಗಳು ವರದಿಯಾಗಿ, 82 ಮಂದಿ ಮೃತಪಟ್ಟರು. ಇವುಗಳಲ್ಲಿ 64 ಪ್ರಕರಣಗಳು ಚಾಂದಿಪುರ ವೈರಾಣುವಿನಿಂದ ಉಂಟಾದವೆಂದು ದೃಢಪಟ್ಟವು. ಬಹುಪಾಲು ಗುಜರಾತಿನವೇ ಆಗಿದ್ದವು. ಮಣ್ಣಿನ ಗೋಡೆಯ ಬಿರುಕುಗಳಲ್ಲಿ ವಾಸಿಸುವ ಮರಳು ನೊಣಗಳು ಈ ವೈರಾಣುವನ್ನು ಹರಡುತ್ತವೆ. ಜ್ವರ, ವಾಂತಿ, ಫಿಟ್ಸ್ ಕಾಣಿಸಿಕೊಂಡ ಮಗು ಒಂದೆರಡು ದಿನಗಳಲ್ಲೇ ಪ್ರಜ್ಞೆ ತಪ್ಪಿ ಮರಣಾಪಾಯಕ್ಕೆ ಒಳಗಾಗಬಹುದು. ಇದಕ್ಕೆ ನಿರ್ದಿಷ್ಟ ಔಷಧವಾಗಲಿ ಲಸಿಕೆಯಾಗಲಿ ಇಲ್ಲ. ಉಸಿರಾಟ, ಫಿಟ್ಸ್, ಮೆದುಳಿನ ಊತ ಇವುಗಳನ್ನು ಬೇಗನೆ ಹತೋಟಿಗೆ ತರುವುದೇ ಇರುವ ಮಾರ್ಗ. ಜಪಾನೀಸ್ ಮೆದುಳುಜ್ವರವನ್ನು ಕಂಡಿರುವ ಕೋಲಾರ, ಬಳ್ಳಾರಿಗಳ ಜನರಿಗೆ ಈ ಮಾತಿನ ಗಾಂಭೀರ್ಯ ಬೇಗ ಮನದಟ್ಟಾದೀತು. ಇಂತಹ ಮಗುವನ್ನು ಮೊದಲು ನೋಡುವವರು ನರರೋಗ ತಜ್ಞರಲ್ಲ. ಆರೋಗ್ಯ ಕೇಂದ್ರದ ಯುವ ವೈದ್ಯ ಅಥವಾ ದಾದಿ.

ಸಾಮಾನ್ಯ ವೈದ್ಯರಿಗೆ ಸೂಕ್ತ ತರಬೇತಿ ನೀಡಿದರೆ ಈ ಹೊಣೆಯನ್ನು ಅವರು ನಿರ್ವಹಿಸಬಲ್ಲರು ಎಂಬುದಕ್ಕೆ ಕರ್ನಾಟಕದಲ್ಲಿಯೇ ಆಧಾರವಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ಸಿಬ್ಬಂದಿಗೆ ಮಾನಸಿಕ ರೋಗಗಳು ಹಾಗೂ ಮೂರ್ಛೆರೋಗದ ಚಿಕಿತ್ಸೆಯಲ್ಲಿ ತರಬೇತಿ ನೀಡಿತು. ಆ ಮಾದರಿಯೇ ಮುಂದೆ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. 2022ರಲ್ಲಿ ಚಾಲನೆ ಪಡೆದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮವೂ ಇದೇ ತತ್ತ್ವವನ್ನು ಅನುಸರಿಸಿದೆ.

ವೈದ್ಯಕೀಯದ ಹೊರಗಿನ ಬಾಗಿಲುಗಳು

ವೈದ್ಯಕೀಯ ಸ್ಥಾನ ದೊರೆಯದಿದ್ದರೆ ನರವಿಜ್ಞಾನದ ಬಾಗಿಲು ಮುಚ್ಚಿತೆಂದು ಭಾವಿಸಬೇಕಾಗಿಲ್ಲ. ಪ್ರಾಣಿಶಾಸ್ತ್ರ, ಜೀವರಸಾಯನಶಾಸ್ತ್ರ, ಮನಶ್ಶಾಸ್ತ್ರ, ಭೌತಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್ ಹೀಗೆ ಹಲವು ಪದವಿಗಳಿಂದ ಈ ಶಾಸ್ತ್ರಕ್ಕೆ ಹಾದಿಗಳಿವೆ. ಇದಕ್ಕೆ ವಡೋದರಾದ ಆರ್. ರಾಜಲಕ್ಷ್ಮಿಯವರ ಜೀವನವೇ ಉತ್ತಮ ನಿದರ್ಶನ. 1926ರಲ್ಲಿ ಜನಿಸಿದ ಅವರು ಮೊದಲು ಗಣಿತದ ಪದವಿ ಪಡೆದರು. ಅನಂತರ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ವಡೋದರಾದ ವಿಶ್ವವಿದ್ಯಾಲಯದಲ್ಲಿ ಪೌಷ್ಟಿಕತೆ ಮತ್ತು ಜೀವರಸಾಯನಶಾಸ್ತ್ರದ ಕ್ಷೇತ್ರದಲ್ಲಿ ದುಡಿದರು. ಅಲ್ಲಿನ ಜೀವರಸಾಯನಶಾಸ್ತ್ರ ವಿಭಾಗವನ್ನು ಕಟ್ಟಿದ ಸಿ.ವಿ. ರಾಮಕೃಷ್ಣನ್ ಅವರ ಪತಿ. ಇಲಿಗಳ ಆಹಾರದಲ್ಲಿ ಪ್ರೋಟೀನಿನ ಪ್ರಮಾಣ ಬದಲಾದಾಗ ಅವುಗಳ ಕಲಿಕೆಯಲ್ಲಿ ಮತ್ತು ಮೆದುಳಿನ ರಾಸಾಯನಿಕ ಕ್ರಿಯೆಗಳಲ್ಲಿ ಏನಾಗುತ್ತದೆ ಎಂಬುದನ್ನು ಈ ಇಬ್ಬರೂ ಸಹೋದ್ಯೋಗಿಗಳೊಡನೆ 1960ರ ದಶಕದಲ್ಲಿ ಅಧ್ಯಯನ ಮಾಡಿ, ಅಂತಾರಾಷ್ಟ್ರೀಯ ನಿಯತಕಾಲಿಕೆಗಳಲ್ಲಿ ಪ್ರಕಟಿಸಿದರು. ಅಷ್ಟಕ್ಕೇ ನಿಲ್ಲದೆ, ಬಡ ಕುಟುಂಬಗಳ ಕೈಗೆಟುಕುವ ಸ್ಥಳೀಯ ಧಾನ್ಯ, ಬೇಳೆಕಾಳು, ಸೊಪ್ಪುಗಳಿಂದಲೇ ಸಮತೋಲನ ಆಹಾರ ರೂಪಿಸುವ ಕಾರ್ಯದಲ್ಲಿ ರಾಜಲಕ್ಷ್ಮಿಯವರು ತೊಡಗಿದರು. ಪ್ರಯೋಗಾಲಯದ ನರವಿಜ್ಞಾನವು ಮಗುವಿನ ತಟ್ಟೆಯವರೆಗೆ ತಲುಪಿದ ಪರಿ ಇದು.

ಗುಜರಾತಿನ ಇನ್ನೊಂದು ಉತ್ಪನ್ನವೂ ಮೆದುಳಿಗೆ ಸಂಬಂಧಿಸಿದೆ. ದೇಶದ ಉಪ್ಪಿನ ಬಹುಪಾಲು ತಯಾರಾಗುವುದು ಆ ರಾಜ್ಯದಲ್ಲಿ. ಗರ್ಭಿಣಿಗೆ ಅಯೋಡಿನ್ ಕೊರತೆಯಾದರೆ ಶಿಶುವಿನ ಮೆದುಳಿನ ಬೆಳವಣಿಗೆ ಕುಂಠಿತವಾಗುತ್ತದೆ. ಉಪ್ಪಿಗೆ ಅಯೋಡಿನ್ ಬೆರೆಸುವ ಸುಲಭೋಪಾಯದಿಂದ ಇದನ್ನು ತಡೆಯಬಹುದಾಗಿದ್ದು, 1962ರಲ್ಲಿಯೇ ಭಾರತ ಸರ್ಕಾರವು ಇದಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಆಹಾರಶಾಸ್ತ್ರ, ರಸಾಯನಶಾಸ್ತ್ರ ಓದಿದವರೂ ಮೆದುಳಿನ ಆರೋಗ್ಯಕ್ಕೆ ಎಷ್ಟು ಕೊಡುಗೆ ನೀಡಬಲ್ಲರೆಂಬುದಕ್ಕೆ ಇದು ಸಾಕ್ಷಿ.

ಫಿಸಿಯೋಥೆರಪಿ, ವಾಕ್ ಮತ್ತು ಶ್ರವಣ ಚಿಕಿತ್ಸೆ, ಶುಶ್ರೂಷೆ, ವಿಕಿರಣಚಿತ್ರ ತಂತ್ರಜ್ಞಾನ ಇವೂ ಸ್ನಾತಕ ಮಟ್ಟದ ಪದವಿಗಳೇ. ಗುಜರಾತಿನಲ್ಲಿ ಜನವರಿ 14ರ ಉತ್ತರಾಯಣದಂದು ಮನೆಗಳ ಮಾಳಿಗೆಯ ಮೇಲೆ ಗಾಳಿಪಟ ಹಾರಿಸುವಾಗ ಬಿದ್ದು ತಲೆಗೆ, ಬೆನ್ನಿಗೆ ಪೆಟ್ಟು ಮಾಡಿಕೊಳ್ಳುವವರು ಪ್ರತಿವರ್ಷವೂ ಆಸ್ಪತ್ರೆ ಸೇರುತ್ತಾರೆ. ನಮ್ಮ ಮಲೆನಾಡು, ಕರಾವಳಿಗಳಲ್ಲಿ ಅಡಿಕೆ, ತೆಂಗಿನ ಮರಗಳಿಂದ ಬೀಳುವವರ ಸ್ಥಿತಿಯೂ ಅಂತಹುದೇ. ಬಿದ್ದವರನ್ನು ಕೈಕಾಲು ಹಿಡಿದು ಎತ್ತದೆ, ಕತ್ತು ಬೆನ್ನು ಅಲುಗದಂತೆ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು. ಶಸ್ತ್ರಕ್ರಿಯೆ ಕೆಲವು ಗಂಟೆಗಳಲ್ಲಿ ಮುಗಿಯಬಹುದು. ಅವರನ್ನು ಮತ್ತೆ ಸ್ವಾವಲಂಬಿಗಳನ್ನಾಗಿಸುವ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ. ಆ ಕೆಲಸದಲ್ಲಿ ಈ ಪದವೀಧರರ ಪಾತ್ರ ಹಿರಿದು. 2021ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಕಾಯಿದೆಯೊಂದು ಇಂತಹ ಹಲವು ಪೂರಕ ಆರೋಗ್ಯ ವೃತ್ತಿಗಳಿಗೆ ಶಾಸನಬದ್ಧ ಮನ್ನಣೆ ಒದಗಿಸಿದೆ.

ಮುಂದಿನ ಹಾದಿ

ಎಂ.ಬಿ.ಬಿ.ಎಸ್. ಪ್ರವೇಶಕ್ಕೆ ನೀಟ್ ಪರೀಕ್ಷೆ ಕಡ್ಡಾಯ. ಅದನ್ನು ಕನ್ನಡ, ಗುಜರಾತಿ ಸೇರಿದಂತೆ 13 ಭಾಷೆಗಳಲ್ಲಿ ಬರೆಯಬಹುದು. ಗುಜರಾತಿನ ರಾಜ್ಯ ಕೋಟಾಕ್ಕೆ ಅಲ್ಲಿನ ವಾಸ ಮತ್ತು ಶಾಲಾ ವ್ಯಾಸಂಗದ ನಿಯಮಗಳು ಅನ್ವಯಿಸುವುದರಿಂದ, ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನು ಓದಿಯೇ ಅರ್ಜಿ ಸಲ್ಲಿಸಬೇಕು. ಸ್ನಾತಕ ವಿದ್ಯಾರ್ಥಿಗಳಿಗೂ ಸಂಶೋಧನೆಯ ಅವಕಾಶಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಅಲ್ಪಾವಧಿ ಸಂಶೋಧನಾ ವಿದ್ಯಾರ್ಥಿವೇತನ ಯೋಜನೆಯನ್ನು 1979ರಲ್ಲಿ ಆರಂಭಿಸಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಭಾರತೀಯ ವಿಜ್ಞಾನ ಅಕಾಡೆಮಿಯು ಇತರ ಅಕಾಡೆಮಿಗಳೊಡಗೂಡಿ ಬೇಸಿಗೆ ಸಂಶೋಧನಾ ಶಿಷ್ಯವೇತನಗಳನ್ನು ನೀಡುತ್ತ ಬಂದಿದೆ.

ವಿಜ್ಞಾನ ಪದವೀಧರರು ಮುಂದೆ ಅಹಮದಾಬಾದಿಗೆ ಸಮೀಪದ ಗಾಂಧಿನಗರದ ಐ.ಐ.ಟಿ.ಯಲ್ಲಿ ಸಂಜ್ಞಾನ ವಿಜ್ಞಾನದ ಸ್ನಾತಕೋತ್ತರ ವ್ಯಾಸಂಗವನ್ನು, ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದಲ್ಲಿ ನರವಿಜ್ಞಾನದ ವ್ಯಾಸಂಗವನ್ನು ಕೈಗೊಳ್ಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರವಿದೆ. 1974ರಲ್ಲಿ ರೂಪುಗೊಂಡು, 2012ರಲ್ಲಿ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯೆಂದು ಘೋಷಿತವಾದ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದ ಮೆದುಳು ಸಂಗ್ರಹ ಕೇಂದ್ರ ಕಾರ್ಯನಿರ್ವಹಿಸುತ್ತಿದೆ. ಅದಕ್ಕೆ ಹೊಂದಿಕೊಂಡ ಮೆದುಳಿನ ವಸ್ತುಸಂಗ್ರಹಾಲಯಕ್ಕೆ ಸಾರ್ವಜನಿಕರಿಗೂ ಪ್ರವೇಶವಿದೆ. ಈ ವಿಷಯವನ್ನು ಆರಿಸಿಕೊಳ್ಳಬೇಕೆಂದಿರುವ ವಿದ್ಯಾರ್ಥಿಗಳು ಒಮ್ಮೆ ಅದನ್ನು ನೋಡಿಬರುವುದು ಉಪಯುಕ್ತ.

ಪೋಷಕರು ತಮ್ಮ ಮಕ್ಕಳ ವ್ಯಾಸಂಗವನ್ನು ನಿರ್ಧರಿಸುವಾಗ ಪದವಿಯ ಹೆಸರಿಗಿಂತ ಅದರ ಪಠ್ಯಕ್ರಮ, ಪ್ರಯೋಗಾಲಯ, ಬೋಧನಾ ಆಸ್ಪತ್ರೆ ಮತ್ತು ಮಾನ್ಯತೆಯನ್ನು ವಿಚಾರಿಸುವುದು ವಿವೇಕ. ವಿದ್ಯಾರ್ಥಿಗಳು ಕೂಡ ತಜ್ಞರಾಗುವ ದಿನಕ್ಕಾಗಿ ಕಾಯುತ್ತ ಮೊದಲ ವರ್ಷಗಳ ಪಾಠವನ್ನು ಪರೀಕ್ಷೆಗಷ್ಟೇ ಸೀಮಿತಗೊಳಿಸಬಾರದು. ಅಹಮದಾಬಾದಿನ ಅಥವಾ ಸೂರತ್ತಿನ ವಾರ್ಡಿನಲ್ಲಿ, ಇಲ್ಲವೇ ವಡೋದರಾದ ಪ್ರಯೋಗಾಲಯದಲ್ಲಿ ಕಲಿತ ನರವಿಜ್ಞಾನದ ಮೂಲಪಾಠಗಳು ಪದವಿ ಕೈಸೇರಿದ ಮಾರನೆಯ ದಿನವೇ ಉಪಯೋಗಕ್ಕೆ ಬರಬಹುದು. ಹಳ್ಳಿಯ ಆಸ್ಪತ್ರೆಗೆ ಬಂದ ರೋಗಿಯ ಮುಖ ವಾರೆಯಾಗಿರುವುದನ್ನು ಗುರುತಿಸಿ, ಗಡಿಯಾರ ನೋಡಿ, ತಡಮಾಡದೆ ವಾಹನ ಕರೆಸುವ ವೈದ್ಯ ತಜ್ಞನಲ್ಲದಿರಬಹುದು. ಆದರೆ ಆ ರೋಗಿ ಮತ್ತೆ ಮಾತನಾಡುವುದು, ನಡೆಯುವುದು ಬಹುಮಟ್ಟಿಗೆ ಆತನ ಆ ತೀರ್ಮಾನವನ್ನೇ ಅವಲಂಬಿಸಿರುತ್ತದೆ.